ಸನ್ನಿಸೈಡ್‌ನಲ್ಲಿ ಚಿಕ್ಕಪ್ಪ

ಮಡಿಕೇರಿಯ ಸನ್ನಿಸೈಡ್ ಬಂಗಲೆಯ ಮೆಟ್ಟಿಲು ಹತ್ತಿದವರಲ್ಲಿ ಎರಡು ತಲೆಮಾರಿನವರಿದ್ದಾರೆ. ಈಗಿನವರು ಜನರಲ್ ತಿಮ್ಮಯ್ಯನವರ ಮ್ಯೂಸಿಯಂ ನೋಡಲು ಹೋಗುತ್ತಾರೆ. ಹಿಂದಿನವರು ಹೋಗುತ್ತಿದ್ದದ್ದು ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಮಾಡಿಸಲು, ಗಾಡಿಯ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಮಾಡಿಸಲು, ಜೀಪಿನ ಟ್ಯಾಕ್ಸ್ ಕಟ್ಟಲು. ಮ್ಯೂಸಿಯಂ ಆಗುವ ಮೊದಲು ಅದು ಆರ್‌ಟಿಓ ಕಚೇರಿ. ಕೆಎ-12 ನಂಬರಿನ ಎಷ್ಟೋ ಗಾಡಿಗಳ ಕಾಗದಪತ್ರ ಅಲ್ಲೇ ಆದದ್ದು. ನಮ್ಮ ಚಿಕ್ಕಪ್ಪ ಆ ಹಿಂದಿನ ತಲೆಮಾರಿನವರು. ಎಸ್ಟೇಟಿನ ಜೀಪು ಓಡಿಸುತ್ತಲೇ ವಯಸ್ಸಾದವರು, ಮ್ಯೂಸಿಯಂ ಆದ ಮೇಲೆ ಅತ್ತ ತಲೆ ಹಾಕಿರಲಿಲ್ಲ.

ಹುತ್ತರಿ ಮುಗಿದು ರೊಬಸ್ಟಾ ಕೊಯ್ಲು ಶುರುವಾಗುವ ಮೊದಲು ಸಿಕ್ಕ ಬಿಡುವಿನಲ್ಲಿ ಅವರನ್ನು ಚೇರಂಬಾಣೆಯಿಂದ ಕರೆದುಕೊಂಡು ಹೋದೆ. ಗೇಟಿನ ಒಳಗೆ ಟ್ಯಾಂಕು, ಮಿಗ್-21 ವಿಮಾನ, ಯುದ್ಧ ಸ್ಮಾರಕ. ಮಕ್ಕಳಿಗೆ ಅಲ್ಲೇ ಅರ್ಧ ದಿನ ಬೇಕು. ಚಿಕ್ಕಪ್ಪ ಅದ್ಯಾವುದನ್ನೂ ಸರಿಯಾಗಿ ನೋಡದೆ ನೆಟ್ಟಗೆ ಜಗಲಿಗೆ ಹೋದರು. ಒಂದು ಗೋಡೆಯ ಹತ್ತಿರ ನಿಂತು, ಅಂಗೈಯಲ್ಲಿ ಅದನ್ನು ಮುಟ್ಟಿ, "ಇಲ್ಲಿ ಕೌಂಟರ್ ಇದ್ದದ್ದು. ಆಟಿ ತಿಂಗಳ ಮಳೆ. ಕೊಡೆ ಮಡಚಿ ಇಟ್ಟರೆ ಜಗಲಿ ತುಂಬ ನೀರು. ಫಾರಂ ನೆನೆಯದ ಹಾಗೆ ಅಂಗಿಯ ಒಳಗೆ ಇಟ್ಟುಕೊಂಡು ನಿಂತಿದ್ದೆ" ಅಂದರು.

"ತಿಮ್ಮಯ್ಯನವರ ಮನೆ ಅಂತ ಆಗ ಗೊತ್ತಿತ್ತಾ ಚಿಕ್ಕಪ್ಪ?" ಎಂದು ಕೇಳಿದೆ.

"ಗೊತ್ತಿಲ್ಲದೆ ಏನು ಮಾರಾಯ. ಕ್ಯೂನಲ್ಲಿ ನಿಂತವರೆಲ್ಲ ಅದೇ ಮಾತಾಡ್ತಿದ್ದದ್ದು. ಇಂಥ ದೊಡ್ಡವರ ಮನೆ, ನಾವು ಇಲ್ಲಿ ಲೈಸೆನ್ಸಿಗೆ ನಿಂತಿದ್ದೇವಲ್ಲ ಅಂತ."

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ 1906ರಲ್ಲಿ ಹುಟ್ಟಿದವರು. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರು. ನಿವೃತ್ತಿಯ ಮೇಲೆ ವಿಶ್ವಸಂಸ್ಥೆಯ ಶಾಂತಿಪಡೆಯ ಹೊಣೆ ಹೊತ್ತು ಸೈಪ್ರಸ್‌ಗೆ ಹೋಗಿ, 1965ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ಅಂಥವರ ಮನೆಯನ್ನು ಸ್ಮಾರಕ ಮಾಡಿ ಎಂದು ನಿವೃತ್ತ ಸೈನಿಕರು, ಅಭಿಮಾನಿಗಳು ವರ್ಷಗಟ್ಟಲೆ ಕೇಳಬೇಕಾಯಿತು. ಕೊನೆಗೆ 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಮ್ಯೂಸಿಯಂ ಉದ್ಘಾಟಿಸಿದರು.

ಒಳಗೆ ಚಿಕ್ಕಪ್ಪ ಹೆಚ್ಚು ಹೊತ್ತು ನಿಂತದ್ದು ಕಾಶ್ಮೀರ ಯುದ್ಧದ ಭಾಗದಲ್ಲಿ. 1948ರ ನವೆಂಬರ್ 1ರಂದು ತಿಮ್ಮಯ್ಯನವರು ಜೋಜಿಲಾ ಕಣಿವೆಗೆ ಸ್ಟುವರ್ಟ್ ಟ್ಯಾಂಕುಗಳನ್ನು ಹತ್ತಿಸಿದರು. 11 ಸಾವಿರ ಅಡಿಗೂ ಮೇಲೆ. ಅಷ್ಟು ಎತ್ತರಕ್ಕೆ ಟ್ಯಾಂಕ್ ಬಂದೀತು ಎಂದು ಎದುರಾಳಿ ಎಣಿಸಿರಲೇ ಇಲ್ಲ. ಇದನ್ನು ನಾನು ವಿವರಿಸಿದರೆ ಚಿಕ್ಕಪ್ಪನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆಯೇ. ರಸ್ತೆ ಎಷ್ಟು ಅಗಲ ಇತ್ತು? ತಿರುವಿನಲ್ಲಿ ರಿವರ್ಸ್ ಹೇಗೆ ತೆಗೆದರು? ಹಿಮದಲ್ಲಿ ಚೈನು ಜಾರುವುದಿಲ್ಲವಾ? ತಲಕಾವೇರಿ ಏರಿನಲ್ಲಿ, ಮಳೆಯಲ್ಲಿ, ಲೋಡು ಹಾಕಿಕೊಂಡು ಜೀಪು ಹತ್ತಿಸಿದವರಿಗೆ ಹೊಳೆಯುವ ಪ್ರಶ್ನೆಗಳು. ಇದೇ ಚಾವಣಿಯ ಕೆಳಗೆ ಲೈಸೆನ್ಸ್ ಪಡೆದ ಡ್ರೈವರ್ ಒಬ್ಬರು ಜೋಜಿಲಾದ ಡ್ರೈವರುಗಳ ಬಗ್ಗೆ ಯೋಚಿಸುತ್ತ ನಿಂತದ್ದು ನೋಡಿ ನನಗೆ ತುಂಬ ಸಂತೋಷವಾಯಿತು.

ಆಗಲೇ ಅನಿಸಿದ್ದು, ಈ ಮನೆಯ ಒಂದು ಮೂಲೆಯಲ್ಲಿ ಆರ್‌ಟಿಓ ಕಾಲಕ್ಕೂ ಜಾಗ ಬೇಕು. ಒಂದು ಹಳೆಯ ಕಟ್ಟಡಕ್ಕೆ ಹೊಸ ಕೆಲಸ ಕೊಡುವಾಗ ನಾವು ಅದರ ಅತ್ಯಂತ ದೊಡ್ಡ ಹೆಸರನ್ನು ಮಾತ್ರ ಉಳಿಸಿಕೊಂಡು, ನಡುವಿನ ವರ್ಷಗಳನ್ನು ಸುಣ್ಣ ಬಳಿದು ಮುಚ್ಚಿಬಿಡುತ್ತೇವೆ. ಅಲ್ಲಿ ಜೀಪಿನವರು, ಲಾರಿಯವರು, ಮೊದಲ ಸಲ ಸ್ಕೂಟರ್ ಲೈಸೆನ್ಸ್ ಮಾಡಿಸಿದ ಟೀಚರುಗಳು ನಿಂತಿದ್ದರು. ಜನರಲ್ಲರ ಮನೆಗೆ ಇದರಿಂದ ಕುಂದೇನೂ ಇಲ್ಲ.

ಇನ್ನೊಂದು ಮಾತೂ ಇದೆ. ಕೊಡಗಿನ ಮಳೆಗೆ ಬೀಗ ಹಾಕಿದ ಮನೆ ತಡೆಯುವುದಿಲ್ಲ. ಮಳೆಗಾಲಕ್ಕೆ ಮೊದಲು ಯಾರಾದರೂ ಮಾಡಿಗೆ ಹತ್ತಿ ಹೆಂಚು ಕೈಯಾಡಿಸಲೇಬೇಕು. ಒಂದು ಹೆಂಚು ಸರಿದರೂ ಸಾಕು, ಹೆಂಚಿನ ಕೆಳಗಿನ ಮರದ ಪಟ್ಟಿ, ಅಂದರೆ ರೀಪು ಕೊಳೆಯುತ್ತದೆ, ಆಮೇಲೆ ಅದನ್ನು ಹೊತ್ತ ಪಕ್ಕಾಸು, ಆಮೇಲೆ ಗೋಡೆಯ ಗಾರೆ ಉಬ್ಬಿ ಬೀಳುತ್ತದೆ, ಗೆದ್ದಲು ಏಳುತ್ತದೆ. ಕಚೇರಿ ಬಂದರೆ ಹಳೆ ಮನೆಗೆ ಪ್ಲೈವುಡ್ ಗೋಡೆ, ವೈರು, ಮೊಳೆ ಎಲ್ಲ ಬರುತ್ತವೆ, ನಿಜ. ಆದರೆ ದಿನಾ ಬಾಗಿಲು ತೆರೆಯುತ್ತದೆ. ಸೋರಿದರೆ ಕಡತ ನೆನೆಯುತ್ತದೆ ಎಂಬ ಹೆದರಿಕೆಗಾದರೂ ಯಾರೋ ಒಬ್ಬರು ಮೇಲೆ ನೋಡುತ್ತಾರೆ.

ಊಟ ಮಾಡಿ ಕೋಟೆಗೆ ಹೋದೆವು. 1855ರಲ್ಲಿ ಬ್ರಿಟಿಷರು ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚ್ ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಬಣ್ಣದ ಗಾಜಿನ ಕಿಟಕಿ ಹಾಗೇ ಇದೆ, ಅದರ ಬೆಳಕಿನಲ್ಲೇ ವಿಗ್ರಹಗಳನ್ನು ನೋಡಬಹುದು. ಬದಲಾವಣೆ ಅಂದರೆ ಹೀಗಿರಬೇಕು. ಅರಮನೆಯ ಒಳಗೆ ನಾವು ಹೋಗಲಿಲ್ಲ, ಅಂಗಳದಲ್ಲಿ ಕಲ್ಲಿನ ಆಮೆಯ ಹತ್ತಿರ ನಿಂತೆವು. 1812ರಿಂದ 1814ರ ಹೊತ್ತಿಗೆ ಲಿಂಗರಾಜೇಂದ್ರ ಕಟ್ಟಿಸಿದ ಅರಮನೆ. 1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋದ ಮೇಲೆ ಆಡಳಿತದ ಕಚೇರಿಯಾಯಿತು, ಸ್ವಾತಂತ್ರ್ಯದ ನಂತರವೂ ಜಿಲ್ಲೆಯ ಕಚೇರಿಗಳು ಇಲ್ಲೇ ಇದ್ದವು. ಈಗ ಜಿಲ್ಲಾಧಿಕಾರಿ ಕಚೇರಿ ಹೊಸ ಕಟ್ಟಡದಲ್ಲಿದೆ.

ಅರಮನೆಗೆ ಮುಂದೇನು ಎಂದು ಕೇಳಿದರೆ ಎಲ್ಲರ ಬಾಯಲ್ಲೂ ಮ್ಯೂಸಿಯಂ. ಪಕ್ಕದಲ್ಲೇ ಚರ್ಚಿನಲ್ಲಿ ಒಂದಿದೆ, ಊರಿನಲ್ಲಿ ಸನ್ನಿಸೈಡ್ ಇದೆ. ಅರಮನೆ ಜನ ಬಂದು ಹೋಗುವ, ಮಾತಾಡುವ ಜಾಗವಾಗಿಯೇ ಉಳಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. 1950ರಿಂದ 1956ರವರೆಗೆ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು. 1952ರಿಂದ ಮುಖ್ಯಮಂತ್ರಿ ಸಿ.ಎಂ. ಪೂಣಚ್ಚ, ವಿಧಾನಸಭೆಯಲ್ಲಿ 24 ಜನ. ಆ ಸಭೆ ಕೂರುತ್ತಿದ್ದದ್ದು ಈ ಕೋಟೆಯಲ್ಲೇ. ಸಭೆ ಸಮಾರಂಭದ ಕಾಗದಗಳಲ್ಲಿ 'ಕೋಟೆ ಹಳೆ ವಿಧಾನ ಸಭಾಂಗಣ' ಎಂದು ಎಷ್ಟು ಸಲ ಓದಿದ್ದೇವೆ! ಆದರೆ ಕೊಡಗಿಗೆ ಒಂದು ಕಾಲಕ್ಕೆ ತನ್ನದೇ ಬಜೆಟ್ ಇತ್ತು ಎಂದರೆ ಕಾಲೇಜು ಹುಡುಗರು ನಂಬುವುದಿಲ್ಲ.

ಇದನ್ನೆಲ್ಲ ಚಿಕ್ಕಪ್ಪನಿಗೆ ಹೇಳಿದೆ. ಅವರು ಅರಮನೆಯ ಮಾಡನ್ನೇ ಒಂದು ಕಡೆಯಿಂದ ನೋಡುತ್ತಿದ್ದರು. "ಮೊದಲು ಹೆಂಚು ನೋಡಿಕೊಳ್ಳಲಿಕ್ಕೆ ಒಬ್ಬ ಜನ ಬೇಕು, ಸಂಬಳ ಕೊಟ್ಟು. ಆಮೇಲೆ 24 ಕುರ್ಚಿ ಹಾಕಿ ಶಾಲೆ ಮಕ್ಕಳನ್ನು ಕೂರಿಸಲಿ. ನಮ್ಮ ರಸ್ತೆಯ ವಿಷಯ ಅವರೇ ಚರ್ಚೆ ಮಾಡಲಿ."

ಈ ಎರಡನ್ನೂ ಅದೇ ಕ್ರಮದಲ್ಲಿ ಬರೆದು ಮನವಿ ಕೊಡಬೇಕೆಂದಿದ್ದೇನೆ. ಚಿಕ್ಕಪ್ಪನ ಸಹಿ ಮೊದಲು ಹಾಕಿಸುತ್ತೇನೆ.