ಮಾಲ್ಟಾದಲ್ಲಿ ಮರಳೇ ಇಲ್ವಂತೆ, ಸಮುದ್ರದ ಎದುರಿನ ರೂಮು ಯಾಕೆ?

ಮೆಡಿಟರೇನಿಯನ್ ಸಮುದ್ರದ ಪುಟ್ಟ ದ್ವೀಪ ದೇಶ ಮಾಲ್ಟಾಗೆ ಹೋಗಿ ಬಂದ ಮೇಲೆ ಮೊದಲು ಕೇಳಿದ್ದು ಅಕ್ಕ. "ಅಲ್ಲಿ ಬರೀ ಬಂಡೆಯಂತಲ್ಲೋ, ಸಮುದ್ರ ಕಾಣೋ ರೂಮಿಗೆ ಯಾಕೆ ಅಷ್ಟು ದುಡ್ಡು ಸುರಿದೆ?" ಆಮೇಲೆ ಆಫೀಸಿನವರು, ಪಕ್ಕದ ಮನೆಯವರು, ಎಲ್ಲರದ್ದೂ ಅದೇ ಪ್ರಶ್ನೆ.

ಬಂಡೆಯ ಮಾತು ಮುಕ್ಕಾಲು ನಿಜ. ನಾವು ಉಳಿದದ್ದು ಸ್ಲೀಮಾದಲ್ಲಿ. ಅಲ್ಲಿ ದಡ ಅಂದರೆ ತಿಳಿ ಹಳದಿ ಸುಣ್ಣಕಲ್ಲಿನ ಹಾಸು. ನೀರಿಗೆ ಇಳಿಯಲು ಕಬ್ಬಿಣದ ಏಣಿ, ಏಣಿ ಮುಗಿದಲ್ಲೇ ಆಳ. ಮಲ್ಪೆಯಲ್ಲಿ ಪ್ಯಾಂಟು ಮಡಚಿಕೊಂಡು ಮೊಣಕಾಲುದ್ದ ನೀರಲ್ಲಿ ನಿಲ್ಲುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಈಜು ಬರಬೇಕು, ಇಲ್ಲಾಂದ್ರೆ ಮೇಲೆ ಕೂರಬೇಕು. ನಾನು ಕೂತೆ. ಚಿಕ್ಕ ಮಕ್ಕಳಿದ್ದರೆ ಉತ್ತರದ ಮೆಲ್ಲೀಹಾ ಕಡೆ ಹೋಗಿ. ಅಲ್ಲಿ ಮರಳೂ ಇದೆ, ನೀರೂ ದೂರದವರೆಗೆ ಆಳವಿಲ್ಲ.

ಹಾಗಾದರೆ ದುಡ್ಡು ಯಾಕೆ ಕೊಟ್ಟೆ? ಬಾಲ್ಕನಿಯಿಂದ ನೀರಿನಾಚೆ ರಾಜಧಾನಿ ವ್ಯಾಲೆಟ್ಟಾ ಕಾಣುತ್ತೆ ಅಂತ. (ಮೊದಲ ದಿನ ಕೊಟ್ಟ ರೂಮಲ್ಲಿ ಕಂಡದ್ದು ಪಕ್ಕದ ಕಟ್ಟಡದ ಗೋಡೆ. ಕತ್ತು ಹೊರಗೆ ಚಾಚಿದರೆ ಒಂದು ಗೇಣು ಸಮುದ್ರ. ಎರಡು ಸಲ ಕೌಂಟರಿಗೆ ಹೋಗಿ ಜಗಳ ಆಡಿದ ಮೇಲೆ ರೂಮು ಬದಲಾಯಿತು.)

1565ರ ಬೇಸಿಗೆಯಲ್ಲಿ ಎದುರಿಗೆ ಆ ಊರೇ ಇರಲಿಲ್ಲ. ಬೋಳು ಗುಡ್ಡ, ಅದರ ತುದಿಯಲ್ಲಿ ಸೇಂಟ್ ಎಲ್ಮೊ ಅನ್ನೋ ಸಣ್ಣ ಕೋಟೆ, ಅಷ್ಟೇ. 1530ರಿಂದ ದ್ವೀಪ ಸಂತ ಜಾನ್ ಪಂಥದ ಕ್ರೈಸ್ತ ಯೋಧರ ಕೈಯಲ್ಲಿತ್ತು. ಅವರನ್ನು ಓಡಿಸಲು ತುರ್ಕಿಯ ಸುಲ್ತಾನ ಸುಲೇಮಾನ್ ಹಡಗುಪಡೆ ಕಳಿಸಿದ. ಅವನ ಕಡೆಯ ದ್ರಾಗುತ್ ಅನ್ನೋ ನಾವಿಕ ಕೋಟೆಗೆ ಗುಂಡು ಹಾರಿಸಲು ಫಿರಂಗಿ ಇಡಿಸಿದ್ದು ಸ್ಲೀಮಾದ ಟಿನ್ಯೆ ತುದಿಯಲ್ಲಿ. ನಮ್ಮ ಹೋಟೆಲಿನಿಂದ ಐದು ನಿಮಿಷದ ನಡಿಗೆ! ಈಗ ಅಲ್ಲಿ ದೊಡ್ಡ ಶಾಪಿಂಗ್ ಮಾಲ್ ಇದೆ. ಅಂದರೆ ಸಂಜೆ ಕಾಫಿ ಹಿಡಿದು ನಾನು ನೋಡುತ್ತಿದ್ದದ್ದು ಹೆಚ್ಚುಕಮ್ಮಿ ಆ ಫಿರಂಗಿಯವನ ಕಣ್ಣಿಗೆ ಬಿದ್ದ ದಿಕ್ಕನ್ನೇ.

ಕೋಟೆ ಜೂನ್ 23ರಂದು ಬಿತ್ತು. ಆದರೆ ಅಷ್ಟರಲ್ಲಿ ಒಂದು ತಿಂಗಳು ಕಳೆದಿತ್ತು, ದ್ರಾಗುತ್‌ ಕೂಡ ಏಟು ತಿಂದು ಸತ್ತ. ಸೆಪ್ಟೆಂಬರಲ್ಲಿ ತುರ್ಕರು ವಾಪಸ್ ಹೊರಟರು. ಸೆಪ್ಟೆಂಬರ್ 8 ಅಲ್ಲಿ ಇವತ್ತಿಗೂ ಸರ್ಕಾರಿ ರಜೆ. ಮುಂದಿನ ವರ್ಷ, 1566ರಲ್ಲಿ, ಅದೇ ಬೋಳು ಗುಡ್ಡದ ಮೇಲೆ ಹೊಸ ಊರಿಗೆ ಕಲ್ಲು ಹಾಕಿದರು. ಪಂಥದ ಮುಖ್ಯಸ್ಥ ಲಾ ವಾಲೆಟ್‌ನ ಹೆಸರೇ ಊರಿಗೆ ಬಂತು.

ಇದನ್ನೆಲ್ಲ ವ್ಯಾಲೆಟ್ಟಾ ಒಳಗೇ ಉಳಿದು ತಿಳಿಯಬಹುದಲ್ವಾ ಅಂತೀರಿ. ತಿಳಿಯಬಹುದು. ಒಳಗೆ ಬೀದಿ, ಮರದ ಮುಚ್ಚು ಬಾಲ್ಕನಿ, ಚರ್ಚು ಎಲ್ಲ ಚೆಂದವೇ. ಆದರೆ ಊರಿನ ಗೋಡೆ ಎಷ್ಟು ಎತ್ತರ, ಅದನ್ನು ಕಟ್ಟಿದವರು ಎಷ್ಟು ಹೆದರಿದ್ದರು ಅನ್ನೋದು ಹೊರಗೆ ನಿಂತವರಿಗೇ ಕಾಣೋದು. ಬೆಳಿಗ್ಗೆ ಸ್ಲೀಮಾದಿಂದ ಫೆರಿ ಹತ್ತಿ. ಹತ್ತು ನಿಮಿಷದೊಳಗೆ ಗೋಡೆಯ ಬುಡದಲ್ಲಿ ಇರುತ್ತೀರಿ. ಬಸ್ಸು ಬೇಡ, ಟ್ರಾಫಿಕ್ ನಮ್ಮ ಸಿಲ್ಕ್ ಬೋರ್ಡ್ ನೆನಪಿಸುತ್ತೆ.

ಊಟದ ಬಗ್ಗೆ ಜಾಸ್ತಿ ಹೇಳಲ್ಲ. ಬಟಾಣಿ ತುಂಬಿದ ಪಸ್ಟಿತ್ಸಿ ನಮ್ಮ ಪಫ್ಸ್‌ನ ಅಣ್ಣನಂತಿದೆ. ಸಸ್ಯಾಹಾರಿಗಳು ಕೇಳಿಯೇ ತಗೊಳ್ಳಿ, ಹಿಟ್ಟಿಗೆ ಹಂದಿ ಕೊಬ್ಬು ಹಾಕುವ ಅಂಗಡಿಗಳಿವೆ. ನಲ್ಲಿ ನೀರಲ್ಲಿ ಅರ್ಧಕ್ಕಿಂತ ಜಾಸ್ತಿ ಉಪ್ಪು ತೆಗೆದ ಸಮುದ್ರದ ನೀರೇ. ಅದರಲ್ಲಿ ಮಾಡಿದ ಕಾಫಿ ನನಗಂತೂ ಸೇರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಅಕ್ಕ ಕೇಳಿದ್ದು, "ಸರಿ, ನೀರಿಗೆ ಇಳಿದೆಯಾ ಇಲ್ವಾ?" ಕೊನೇ ದಿನ ಏಣಿಯ ಮೂರು ಮೆಟ್ಟಿಲು ಇಳಿದೆ. ಪಾಚಿ ಜಾರಿ ಒಂದು ಚಪ್ಪಲಿ ಹೋಯಿತು.