ಅರ್ಧ ಸೀರೆ

17 ಆಗಸ್ಟ್ 2025, ಭಾನುವಾರ

ಬೆಳಗಿನಿಂದ ಬಿಡದ ಮಳೆ. ಅಮ್ಮ ಎಂದಿನಂತೆ ಹಾಸಿಗೆಯಲ್ಲೇ ಕುಳಿತು ‘ಕರ್ಕೋಟಕಸ್ಯ ನಾಗಸ್ಯ ದಮಯಂತ್ಯಾ ನಲಸ್ಯ ಚ’ ಎಂದು ಹೇಳಿಕೊಂಡಳು. ಕಲಿಯ ಕಾಟ ತಟ್ಟದಿರಲೆಂದು ನೆನೆಯುವ ಹೆಸರುಗಳು ಅವು.

“ಹೆಂಡತಿ ದಮಯಂತಿಯನ್ನು ನಡುಕಾಡಿನಲ್ಲಿ ಬಿಟ್ಟು ಓಡಿದ ನಳನನ್ನು ಬೆಳಗ್ಗೆಯೇ ಏಕಮ್ಮಾ ನೆನೆಯುವುದು?” ಎಂದೆ.

“ಅವನೆಲ್ಲಿ ಬಿಟ್ಟ? ಕಲಿ ಬಿಡಿಸಿದ” ಎಂದು ಹಾಲು ಕಾಯಿಸಲು ಹೋದಳು.

ಮಧ್ಯಾಹ್ನ ಮಹಾಭಾರತದ ವನಪರ್ವ ತೆರೆದು ಕುಳಿತೆ. ಕಲಿಯ ಲೆಕ್ಕಕ್ಕೆ ಹೋಗಬೇಕಾದದ್ದು ಹೋಗಲಿ. ಕಾಲು ತೊಳೆಯದೆ ಸಂಧ್ಯೆಗೆ ಕುಳಿತ ದಿನ ಅವನು ನಳನ ಒಳಹೊಕ್ಕ. ತಮ್ಮ ಪುಷ್ಕರನೊಡನೆ ಆಡಿದ ಜೂಜಿನಲ್ಲಿ ರಾಜ್ಯ ಹೋಯಿತು. ದಾಳಗಳೇ ಹಕ್ಕಿಗಳಾಗಿ ಬಂದು ಉಟ್ಟ ಬಟ್ಟೆಯನ್ನೂ ಹೊತ್ತೊಯ್ದವು. ಅಲ್ಲಿಯವರೆಗೆ ನನ್ನ ತಕರಾರಿಲ್ಲ. ಮಕ್ಕಳಿಬ್ಬರು ಬೀದಿಪಾಲಾಗದೆ ಉಳಿದದ್ದೂ ದಮಯಂತಿಯಿಂದ. ಕೇಡು ಬರುವುದನ್ನು ಕಂಡು ಅವರನ್ನು ಸಾರಥಿ ವಾರ್ಷ್ಣೇಯನ ಜೊತೆ ತವರಿಗೆ ಕಳುಹಿಸಿದ್ದಳು.

ನನ್ನ ಗಂಟಲಲ್ಲಿ ಇಳಿಯದಿರುವುದು ಆ ರಾತ್ರಿ. ಇವಳನ್ನು ಬಿಟ್ಟುಹೋದರೆ ಹೇಗೋ ತವರು ಸೇರಿಯಾಳು, ನನ್ನ ಜೊತೆಗಿದ್ದರೆ ಕಷ್ಟ ತಪ್ಪದು ಎಂದು ನಳನ ಯೋಚನೆ. ಕೇಳಲು ಸರಿಯಾಗಿಯೇ ಇದೆ. ಆದರೆ ಇದಕ್ಕೆ ಅವಳು ಮೊದಲೇ ಉತ್ತರ ಕೊಟ್ಟಿದ್ದಳಲ್ಲ! ಅವಳ ತವರು ವಿದರ್ಭದ ದಾರಿಯನ್ನು ಅವನು ಮತ್ತೆ ಮತ್ತೆ ತೋರಿಸಿದಾಗ, ಹೋಗುವುದಾದರೆ ಇಬ್ಬರೂ ಹೋಗೋಣ ಎಂದಿದ್ದಳು. ಎಚ್ಚರದಲ್ಲಿ ಒಪ್ಪದವಳನ್ನು ನಿದ್ದೆಯಲ್ಲಿ ಬಿಟ್ಟ. ಇಬ್ಬರಿಗೂ ಇದ್ದದ್ದು ಒಂದೇ ಬಟ್ಟೆ. ಅವಳಿಗೆ ಎಚ್ಚರವಾಗದಂತೆ ಕತ್ತರಿಸುವುದು ಹೇಗೆಂದು ಯೋಚಿಸಿ, ಅತ್ತಿತ್ತ ಹುಡುಕಿ, ಸಿಕ್ಕಿದ ಕತ್ತಿಯಿಂದ ಅರ್ಧ ಕೊಯ್ದುಕೊಂಡ. ಹೋದ, ಮರಳಿ ಬಂದ, ಅತ್ತ, ಮತ್ತೆ ಹೋದ. ಮನಸ್ಸು ಉಯ್ಯಾಲೆಯಾಯಿತು ಎನ್ನುತ್ತದೆ ಕಥೆ. ಕಲಿ ಹಿಡಿದವನ ಕೈಗೆ ಇಷ್ಟು ನಾಜೂಕು ಎಲ್ಲಿಂದ ಬಂತು?

ಆಮೇಲೆ ಅವಳಿಗೆ ಹೆಬ್ಬಾವು, ಬೇಟೆಗಾರ, ಚೇದಿಯ ಅರಮನೆಯಲ್ಲಿ ಸೈರಂಧ್ರಿಯ ಕೆಲಸ. ಅವನಿಗೆ ಬಾಹುಕನೆಂಬ ಹೆಸರು, ಅಯೋಧ್ಯೆಯ ರಾಜ ಋತುಪರ್ಣನ ಕುದುರೆ ಲಾಯ. (ನಾವು ಮಾತ್ರ ಇಂದಿಗೂ ನಳಪಾಕ ಎಂದು ಬಾಯಿ ಚಪ್ಪರಿಸುತ್ತೇವೆ.) ಕೊನೆಗೆ ಎದುರಾದಾಗ ದಮಯಂತಿ ಕೇಳುತ್ತಾಳೆ: ಮಲಗಿದ್ದ ಹೆಂಡತಿಯನ್ನು ಕಾಡಿನಲ್ಲಿ ಬಿಟ್ಟುಹೋದ ಧರ್ಮಜ್ಞನನ್ನು ಎಲ್ಲಾದರೂ ಕಂಡಿದ್ದೀಯಾ? ನಾನಲ್ಲ, ಕಲಿ ಎನ್ನುತ್ತಾನೆ ನಳ. ಅದರ ಬೆನ್ನಿಗೇ ಅವಳ ಎರಡನೆಯ ಸ್ವಯಂವರದ ವಿಚಾರಣೆ! ಅವನನ್ನು ಕರೆಸಲೆಂದೇ ಹೂಡಿದ ಉಪಾಯ ಅದು. ಅವಳು ಆಣೆಯಿಡಬೇಕಾಯಿತು, ಆಕಾಶದಿಂದ ವಾಯುವೇ ಸಾಕ್ಷಿ ನುಡಿಯಬೇಕಾಯಿತು. ಅವನ ಮಾತಿಗೆ ಸಾಕ್ಷಿ ಕೇಳಿದವರಿಲ್ಲ. ಇಷ್ಟನ್ನೂ ಬೃಹದಶ್ವ ಮುನಿ ಸಮಾಧಾನಕ್ಕೆಂದು ಹೇಳುತ್ತಿರುವುದು ಯಾರಿಗೆ? ದ್ರೌಪದಿಯನ್ನು ಪಣವಿಟ್ಟ ಧರ್ಮರಾಯನಿಗೆ.

ರಾತ್ರಿ ಬಟ್ಟೆ ಕೊಯ್ಯುವ ಭಾಗವನ್ನು ಅಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಶ್ಲೋಕದಲ್ಲಿ ನಳನಿಗಿಂತ ಮೊದಲು ದಮಯಂತಿಯೇ ಬರುತ್ತಾಳೆ ಕಣೋ.”

“ಹಾವು ಅವಳಿಗಿಂತಲೂ ಮೊದಲು ಬರುತ್ತದಲ್ಲಮ್ಮಾ” ಎಂದೆ.

ದೀಪ ಆರಿಸಿ ಮಲಗು ಎಂದಳು.