ಆಯಿ ಕ್ಯಾಮೆರಾಕ್ಕೆ ಟವೆಲು ಹಾಕಿದಳು

ತಮ್ಮನ ಫೋನು ಬಂದಾಗ ಮುಂಬೈಯ ಮುಲುಂಡ್ ಸ್ಟೇಷನ್ನಿನ ಹೊರಗೆ ಬಸಳೆ ಆರಿಸುತ್ತಿದ್ದೆ. "ಅಕ್ಕಾ, ಕ್ಯಾಮೆರಾ ಕಪ್ಪಾಗಿದೆ. ಆಯಿಗೆ ಏನಾಯ್ತು ನೋಡು ಬೇಗ." ನ್ಯೂಜೆರ್ಸಿಯಲ್ಲಿ ಆಗ ನಡುರಾತ್ರಿ. ಸೊಪ್ಪು ಅಲ್ಲೇ ಬಿಟ್ಟು ರಿಕ್ಷಾ ಹತ್ತಿದೆ.

ಆಯಿ, ನಮ್ಮಮ್ಮ, ಮಂಚದ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದಳು. ಟಿವಿ ಪಕ್ಕದ ಶೆಲ್ಫಿನಲ್ಲಿದ್ದ ಕ್ಯಾಮೆರಾದ ಮೇಲೆ ಅವಳ ಕೆಂಪು ಚೌಕಳಿ ಟವೆಲು.

"ಸೀರೆ ಬದಲಿಸೋದಿತ್ತು ತಂಗಿ. ಮಗನೇ ಹೌದು, ಆದ್ರೂ ಗಂಡಸಲ್ದಾ?"

ಮುಂಬೈಯ ಮುನ್ಸಿಪಲ್ ಆಸ್ಪತ್ರೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಸ್ಟಾಫ್ ನರ್ಸ್ ಆಗಿದ್ದವಳು ನಾನು. ಎಪ್ಪತ್ತು ಹಾಸಿಗೆಯ ವಾರ್ಡಿನಲ್ಲೂ ಸ್ಪಂಜ್ ಕೊಡುವ ಮೊದಲು ಪರದೆ ಎಳೆಯುತ್ತಿದ್ದೆ. ಪರದೆ ಇಲ್ಲದಿದ್ದರೆ ಇಬ್ಬರು ಮಾವಶಿಯರನ್ನು (ಆಯಾಗಳನ್ನು ಇಲ್ಲಿ ಹೀಗೆ ಕರೆಯುತ್ತಾರೆ) ಬೆಡ್‌ಶೀಟ್ ಹಿಡಿದು ನಿಲ್ಲಿಸುತ್ತಿದ್ದೆ. ಪ್ರಜ್ಞೆ ಇಲ್ಲದ ಅಜ್ಜಿಯನ್ನು ಮಗ್ಗುಲು ತಿರುಗಿಸುವಾಗಲೂ "ಆಜೀ, ಕೂಸ ಬದಲೂಯಾ?" (ಅಜ್ಜೀ, ಮಗ್ಗುಲು ಬದಲಿಸೋಣವೇ?) ಎಂದು ಮರಾಠಿಯಲ್ಲಿ ಕೇಳಿಯೇ ಕೈ ಹಾಕಬೇಕೆಂದು ಹೊಸ ಹುಡುಗಿಯರಿಗೆ ಕಲಿಸಿದವಳು. ಅಂಥ ನಾನು ನನ್ನ ಹೆತ್ತವಳ ಕೋಣೆಗೆ ಕ್ಯಾಮೆರಾ ಬಂದ ದಿನ ಅವಳನ್ನು ಒಂದು ಮಾತು ಕೇಳಿರಲಿಲ್ಲ. ತಮ್ಮ ಆನ್‌ಲೈನಲ್ಲಿ ತರಿಸಿದ, ನಾನು ವೈಫೈಗೆ ಜೋಡಿಸಿದೆ. "ನಿನ್ನ ಸುರಕ್ಷತೆಗೆ ಆಯಿ" ಅಂದೆ. ಅವಳು ತಲೆಯಾಡಿಸಿದಳು. ಅದನ್ನೇ ಒಪ್ಪಿಗೆ ಅಂದುಕೊಂಡೆ.

ಇನ್ನೊಬ್ಬಳನ್ನೂ ಕೇಳಿರಲಿಲ್ಲ. ಮನೆಗೆ ಆರೈಕೆಯವರನ್ನು ಕಳಿಸುವ ಬ್ಯೂರೋದಿಂದ ರಾತ್ರಿಪಾಳಿಗೆ ಬರುತ್ತಿದ್ದ ಮಾವಶಿ ಟಿಟ್ವಾಳಾದಿಂದ ಲೋಕಲ್ಲಿನಲ್ಲಿ ನಿಂತುಕೊಂಡೇ ಬಂದು ಅದೇ ಕೋಣೆಯಲ್ಲಿ ಬಟ್ಟೆ ಬದಲಿಸುತ್ತಿದ್ದಳು. ಶೆಲ್ಫಿನಲ್ಲಿದ್ದದ್ದು ಏನು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಟವೆಲಿನ ಪ್ರಕರಣ ಆದ ಸಂಜೆ ನಾನೇ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆ ಮೌನ ನೆನಪಾದರೆ ಇವತ್ತಿಗೂ ಮುಖ ಬಿಸಿಯಾಗುತ್ತದೆ.

ಆಯಿಗಿದ್ದದ್ದು ಸಿಒಪಿಡಿ, ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುತ್ತಾ ಹೋಗುವ ದೀರ್ಘಕಾಲದ ಕಾಯಿಲೆ. ಬೀಡಿ ಸಿಗರೇಟು ಮುಟ್ಟಿದವಳಲ್ಲ. ಹೊನ್ನಾವರ ತಾಲೂಕಿನ ನಮ್ಮ ಹಳೇ ಮನೆಯಲ್ಲಿ ಕಿಟಕಿಯಿಲ್ಲದ ಅಡುಗೆಕೋಣೆ, ಮಳೆಗಾಲದ ಹಸಿ ಸೌದೆ, ಊದುಕೊಳವೆ. ನಲವತ್ತು ವರ್ಷದ ಆ ಹೊಗೆ ಎಂಬತ್ತರ ನಂತರ ಲೆಕ್ಕ ಕೇಳಿತು. ಮನೆಗೆ ಆಕ್ಸಿಜನ್ ಕಾನ್ಸಂಟ್ರೇಟರ್ ಬಂತು, ಬೆರಳಿಗೆ ಆಕ್ಸಿಮೀಟರ್ ಬಂತು. ಆಕ್ಸಿಮೀಟರಿನ ಅಂಕಿ ತಮ್ಮನ ಮೊಬೈಲಿಗೂ ಹೋಗುತ್ತಿತ್ತು.

ಈ ಅಂಕಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಮನೆಯಲ್ಲಿ ಇಂಥ ಹಿರಿಯರಿದ್ದವರಿಗೆ ಬೇಕಾದೀತು. ನಮ್ಮ ನಿಮ್ಮ ರಕ್ತದ ಆಮ್ಲಜನಕ ಸಾಮಾನ್ಯವಾಗಿ ಶೇಕಡಾ 95ರ ಮೇಲಿರುತ್ತದೆ. ಸಿಒಪಿಡಿ ಬಲಿತವರಿಗೆ ವೈದ್ಯರು ಇಟ್ಟುಕೊಳ್ಳುವ ಗುರಿಯೇ 88ರಿಂದ 92. ಅದಕ್ಕಿಂತ ಮೇಲೇರಿಸಲು ಆಕ್ಸಿಜನ್ ಜಾಸ್ತಿ ಬಿಟ್ಟರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿಕೊಂಡು ಮಂಪರು ಕವಿಯಬಹುದು, ಉಸಿರೇ ಮಂದವಾಗಬಹುದು. ಕೈ ತಣ್ಣಗಿದ್ದರೆ ಆಕ್ಸಿಮೀಟರ್ ತಪ್ಪು ತೋರಿಸುವುದೂ ಉಂಟು. ಒಂದು ರಾತ್ರಿ ತಮ್ಮ ಅಲ್ಲಿ ಕೂತು 87 ನೋಡಿದ. ನನ್ನ ಫೋನು ಸೈಲೆಂಟಿನಲ್ಲಿತ್ತು. ಮಾವಶಿಗೆ ಫೋನು ಮಾಡಿ ನಿಮಿಷಕ್ಕೆ ಒಂದೂವರೆ ಲೀಟರಿನಲ್ಲಿದ್ದ ಆಕ್ಸಿಜನ್ನನ್ನು ಐದಕ್ಕೆ ಏರಿಸಲು ಹೇಳಿದ. ಪರದೆಯ ಮೇಲೆ 97 ಬಂತು, ಅವನಿಗೆ ನೆಮ್ಮದಿಯಾಯಿತು. ಬೆಳಿಗ್ಗೆ ಆಯಿ ಕರೆದರೂ ಏಳಲಿಲ್ಲ. ಕಣ್ಣು ಅರೆ ತೆರೆದಿತ್ತು, ನಾಲಿಗೆ ತೊದಲುತ್ತಿತ್ತು. ಫ್ಲೋ ಇಳಿಸಿ ಡಾಕ್ಟರಿಗೆ ಫೋನು ಮಾಡಿ, ಅವಳು ನನ್ನ ಹೆಸರು ಹಿಡಿದು ಕರೆಯುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು.

ಅವನ ಮೇಲೆ ಕೂಗಾಡಿದೆ. ಆಮೇಲೆ ಅನ್ನಿಸಿತು: ಸುಮಾರು ಎಂಟು ಸಾವಿರ ಮೈಲಿ ದೂರದಲ್ಲಿ ನಿದ್ದೆಗೆಟ್ಟು ಕೂತವನಿಗೆ ನಾವು ಕೊಟ್ಟದ್ದು ಒಂದು ಅಂಕಿಯನ್ನು ಮಾತ್ರ. ಆಯಿಯ ಉಗುರಿನ ಬಣ್ಣ, ಮಾತಿನ ನಡುವೆ ನಿಲ್ಲುವ ಉಸಿರು, ಯಾವುದೂ ಅವನಿಗೆ ಸಿಗಲಿಲ್ಲ. ಅಂಕಿ ಕೆಳಗಿದ್ದರೆ ಯಾವ ಮಗ ತಾನೇ ಸುಮ್ಮನಿದ್ದಾನು?

ಇನ್ನು ಕೊನೆಗಾಲದ ಚಿಕಿತ್ಸೆಯ ಬಗ್ಗೆ ಆಯಿ ಬರೆಸಿಟ್ಟ ಕಾಗದದ ವಿಷಯ. ಅದರ ಬೇರು 2011ರ ಮಾರ್ಚ್ 7ರಲ್ಲಿದೆ. ಅರುಣಾ ಶಾನಭಾಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ದಿನ. ಅರುಣಾ ನಮ್ಮ ಕಡೆಯವಳೇ, ಹಳದೀಪುರದ ಹುಡುಗಿ. ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್ 27ರಂದು ಅಲ್ಲಿನ ಕಸಗುಡಿಸುವ ನೌಕರನೊಬ್ಬನ ದಾಳಿಗೆ ಸಿಕ್ಕಿ ಮೆದುಳಿಗೆ ಪೆಟ್ಟಾದವಳು 2015ರ ಮೇ 18ರಂದು ತೀರಿಕೊಳ್ಳುವವರೆಗೂ ಅದೇ ಆಸ್ಪತ್ರೆಯಲ್ಲಿ ಮಲಗಿದ್ದಳು. ಅಷ್ಟು ವರ್ಷ ಹಾಸಿಗೆ ಹಿಡಿದವಳ ಮೈಯಲ್ಲಿ ಒಂದು ಬೆಡ್‌ಸೋರ್ (ಮಲಗಿಯೇ ಇದ್ದು ಆಗುವ ಹುಣ್ಣು) ಇರಲಿಲ್ಲ ಎಂಬುದು ತೀರ್ಪಿನಲ್ಲೇ ದಾಖಲಾಗಿದೆ. ಹಾಗೆ ಇಡುವುದೆಂದರೆ ಎಷ್ಟು ಕೈಗಳು, ಎಷ್ಟು ರಾತ್ರಿಗಳು ಎಂದು ನರ್ಸ್ ಆದವಳಿಗೆ ಗೊತ್ತು. ಅವಳನ್ನು ಸಾಯಲು ಬಿಡಿ ಎಂಬ ಅರ್ಜಿಯನ್ನು ಕೋರ್ಟ್ ಒಪ್ಪಲಿಲ್ಲ. ಆದರೆ ಕೃತಕ ಜೀವಾಧಾರ ತೆಗೆಯುವುದಕ್ಕೆ ಈ ದೇಶದಲ್ಲಿ ಮೊದಲ ಬಾಗಿಲು ತೆರೆದದ್ದು ಅದೇ ತೀರ್ಪು.

ಅಂದು ಟಿವಿ ಮುಂದೆ ಕೂತ ಆಯಿ ಕೇಳಿದಳು, "ಆ ಕೂಸಿನ ಹತ್ರ ಯಾರಾದ್ರೂ ಕೇಳಿದ್ರನೇ, ನಿಂಗೆ ಎಂತ ಬೇಕು ಅಂತ?"

"ಕೇಳುವ ಹಾಗಿರಲಿಲ್ಲ ಆಯಿ. ಅವಳಿಗೆ ಹೇಳಲು ಬರ್ತಿರಲಿಲ್ಲ."

"ಹಾಗಾದ್ರೆ ನನ್ನ ಈಗ್ಲೇ ಕೇಳು."

ನಾನು ಕೇಳಲಿಲ್ಲ. ಹನ್ನೆರಡು ವರ್ಷ ಕೇಳಲಿಲ್ಲ. ಸಾವಿನ ಮಾತು ಎತ್ತಿದರೆ ಅಪಶಕುನ ಎಂದು ನನ್ನಂಥವಳಿಗೂ ಒಳಗೊಳಗೆ ಅಳುಕು.

2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಲಿವಿಂಗ್ ವಿಲ್ ಒಪ್ಪಿತು; ಮುಂದೆ ಹೇಳಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಕಾಗದ ಅದು. ಆದರೆ ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, ಹಾಸಿಗೆ ಹಿಡಿದವರಿಂದ ಆಗುವ ಕೆಲಸವಲ್ಲ. 2023ರ ಜನವರಿಯಲ್ಲಿ ಅದನ್ನು ಸಡಿಲಿಸಿದರು. ಇಬ್ಬರು ಸಾಕ್ಷಿ ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಆ ವರ್ಷ ಜೂನಿನಲ್ಲಿ ಆಯಿ ಹೇಳುತ್ತಾ ಹೋದಳು, ನಾನು ಬರೆದೆ. ಗಂಟಲಿಗೆ ಕೊಳವೆ ಬೇಡ. ಎದೆ ಒತ್ತುವುದು ಬೇಡ. (ಎಂಬತ್ತು ದಾಟಿದವರ ಎದೆ ಒತ್ತುವಾಗ ಪಕ್ಕೆಲುಬು ಮುರಿಯುವುದು ನನ್ನ ಅಂಗೈಗೇ ಗೊತ್ತಾಗಿದೆ. ಅದನ್ನು ಅವಳಿಗೆ ಮುಚ್ಚಿಡದೆ ಹೇಳಿದ್ದೆ.) ನೋವಿಗೆ, ಉಸಿರಿನ ಕಷ್ಟಕ್ಕೆ ಔಷಧ ಬೇಕು. ಬಾಯಿ ಒಣಗದ ಹಾಗೆ ನೋಡಿಕೊಳ್ಳಬೇಕು. ನೋಟರಿ ನನ್ನನ್ನು ಹೊರಗೆ ಕಳಿಸಿ, ಯಾರದಾದರೂ ಒತ್ತಾಯವಿದೆಯೇ ಎಂದು ಅವಳೊಬ್ಬಳನ್ನೇ ಕೇಳಿದರು. ಆಯಿ ಕನ್ನಡದಲ್ಲಿ ಸಹಿ ಹಾಕಿದಳು. ಅಕ್ಷರ ನಡುಗಿತ್ತು, ಒತ್ತಕ್ಷರ ಮಾತ್ರ ಸ್ಪಷ್ಟ. ತಮ್ಮನಿಗೆ ಒಂದು ಪ್ರತಿ ಕಳಿಸಿದೆ. ಅವನು ಓದಿದನೋ ಇಲ್ಲವೋ, ಉತ್ತರ ಬರಲಿಲ್ಲ.

2024ರ ನವೆಂಬರಿನಲ್ಲಿ ನ್ಯುಮೋನಿಯಾ ಹಿಡಿಯಿತು. ಒಂದು ಖಾಸಗಿ ಆಸ್ಪತ್ರೆಯ ಐಸಿಯು. ಒತ್ತಡದಿಂದ ಗಾಳಿ ಕೊಟ್ಟು ಉಸಿರಿಗೆ ನೆರವಾಗುವ ಬೈಪ್ಯಾಪ್ ಮಾಸ್ಕ್ ಹಾಕಿದ್ದರು. ಎರಡನೇ ದಿನ ಒಳಗೆ ಹೋದರೆ ಅವಳ ಎರಡೂ ಕೈಗಳನ್ನು ಗಾಜ್‌ಪಟ್ಟಿಯಿಂದ ಮಂಚದ ಕಂಬಿಗೆ ಕಟ್ಟಿದ್ದರು, ಮಾಸ್ಕ್ ಕೀಳುತ್ತಾಳೆಂದು. ಸಿಸ್ಟರ್ ಮೇಲೆ ರೇಗಲು ಬಾಯಿ ತೆರೆದವಳು ಅಲ್ಲೇ ನಿಂತೆ. ನನ್ನ ಸರ್ವಿಸಿನಲ್ಲಿ ಹೀಗೆ ಎಷ್ಟು ಕೈ ಕಟ್ಟಿದ್ದೇನೆ, ಲೆಕ್ಕವಿಲ್ಲ. ಕೀಳುವ ಕೈ ಏನನ್ನೋ ಹೇಳುತ್ತಿದೆ ಎಂದು ಒಮ್ಮೆಯೂ ಓದಿಕೊಂಡಿರಲಿಲ್ಲ. ಗಂಟು ಬಿಚ್ಚಿ, ಎರಡೂ ಕೈ ಹಿಡಿದುಕೊಂಡು ಕೂತೆ. ಮಣಿಕಟ್ಟಿನಲ್ಲಿ ಬಳೆಯ ಗುರುತಿನ ಮೇಲೆ ಪಟ್ಟಿಯ ಗುರುತು.

ವೆಂಟಿಲೇಟರಿಗೆ ಹಾಕೋಣವೇ ಎಂದು ಡ್ಯೂಟಿ ಡಾಕ್ಟರ್ ಕೇಳಿದರು. ಕಾಗದ ತೋರಿಸಿದೆ. ಅಂಥದ್ದನ್ನು ಅವರು ಹಿಂದೆ ನೋಡಿರಲಿಲ್ಲ. ಹಿರಿಯ ವೈದ್ಯರು ಬಂದರು, ಕಾನೂನು ವಿಭಾಗದವರು ಬಂದರು. ನಿಯಮದ ಪ್ರಕಾರ ಚಿಕಿತ್ಸೆ ಕೊಡುವ ವೈದ್ಯರೂ ಇಬ್ಬರು ತಜ್ಞರೂ ಇರುವ ಮೊದಲ ಮಂಡಳಿ, ಅದರ ಮೇಲೆ ಇನ್ನೊಂದು ಮಂಡಳಿ; ಒಂದೊಂದೂ ಆದಷ್ಟು ನಲವತ್ತೆಂಟು ಗಂಟೆಯೊಳಗೆ ಅಭಿಪ್ರಾಯ ಹೇಳಬೇಕೆಂಬ ಸೂಚನೆ. ಆ ಎಚ್ಚರ ಬೇಕು. ಮುದುಕರ ಹಾಸಿಗೆಯ ಸುತ್ತ ಆಸ್ತಿಯ ಲೆಕ್ಕ ಹಾಕುವ ಮಕ್ಕಳನ್ನೂ, ಬಿಲ್ಲು ಕಟ್ಟಲಾಗದೆ ಅಳುವ ಮಕ್ಕಳನ್ನೂ ಒಂದೇ ವಾರ್ಡಿನಲ್ಲಿ ಕಂಡಿದ್ದೇನೆ.

ಕಷ್ಟವಾದದ್ದು ತಮ್ಮನನ್ನು ಒಪ್ಪಿಸುವುದು. ವಿಡಿಯೋದಲ್ಲಿ ಅತ್ತ. "ಎಲ್ಲಾ ಮಾಡ್ಸು ಅಕ್ಕಾ, ದುಡ್ಡು ನಾ ಕಳಿಸ್ತೆ." ಕಾಗದವನ್ನು ಓದಿ ಹೇಳಿದೆ, ಆಯಿ ಹೇಳಿದ ಮಾತಿನಲ್ಲೇ. "ಬಾಯಿ ಒಣಗದ ಹಾಗೆ" ಎಂಬಲ್ಲಿಗೆ ಬಂದಾಗ ಅವನು ಫೋನು ಕೆಳಗಿಟ್ಟ. ಪರದೆಯಲ್ಲಿ ಅವನ ಮನೆಯ ಸೀಲಿಂಗು ಮಾತ್ರ ಕಾಣುತ್ತಿತ್ತು. ತುಂಬಾ ಹೊತ್ತಿನ ಮೇಲೆ, "ಮನೆಗೆ ಕರ್ಕೊಂಡ್ಹೋಗು" ಅಂದ.

ಮನೆಯಲ್ಲಿ ನಾಲ್ಕು ದಿನ ಇದ್ದಳು. ಪ್ಯಾಲಿಯೇಟಿವ್ ಕೇರಿನ, ಅಂದರೆ ನೋವು ಸಂಕಟ ತಗ್ಗಿಸುವ ಆರೈಕೆಯ, ಡಾಕ್ಟರ್ ಬಂದು ಉಸಿರಿನ ಸಂಕಟಕ್ಕೆ ತೀರಾ ಸಣ್ಣ ಪ್ರಮಾಣದ ಮಾರ್ಫಿನ್ ಕೊಟ್ಟರು. ಟೇಬಲ್ ಫ್ಯಾನನ್ನು ಮುಖಕ್ಕೆ ತಿರುಗಿಸಿಡಲು ಹೇಳಿದರು. ಕೆನ್ನೆಗೆ ಗಾಳಿ ತಾಗಿದರೆ ಏದುಸಿರು ತಗ್ಗುತ್ತದೆ. ಅಷ್ಟು ವರ್ಷ ನರ್ಸ್ ಆಗಿದ್ದವಳಿಗೆ ಇದು ಗೊತ್ತಿರಲಿಲ್ಲ. ಆಕ್ಸಿಮೀಟರನ್ನು ಡ್ರಾಯರಿನಲ್ಲಿಟ್ಟೆವು. ಮಾವಶಿ ಹತ್ತಿಯನ್ನು ನೀರಲ್ಲಿ ಅದ್ದಿ ತುಟಿ ಒದ್ದೆ ಮಾಡುತ್ತಿದ್ದಳು, ಪ್ರತಿ ಸಲ ಕೇಳಿ. ತಮ್ಮ ವಿಮಾನದಲ್ಲಿ ಬಂದು ಮೂರನೇ ದಿನ ತಲುಪಿದ. ಅವಳು ಕಣ್ಣು ತೆರೆದು ಅವನ ಕೆನ್ನೆ ಮುಟ್ಟಿದಳು.

ಹದಿಮೂರರ ಕೆಲಸ ಮುಗಿದ ಮೇಲೆ ಕ್ಯಾಮೆರಾದ ಮೆಮೊರಿ ಕಾರ್ಡು ಕೈಗೆ ಬಂತು. ಅದರಲ್ಲಿ ವಾರಗಟ್ಟಲೆ ಆಯಿ ಇದ್ದಾಳೆ: ಕೆಮ್ಮುತ್ತಾ, ಮೈ ಒರೆಸಿಸಿಕೊಳ್ಳುತ್ತಾ, ಬಾಯಿ ತೆರೆದು ಮಲಗುತ್ತಾ. ಮಾವಶಿಯೂ ಇದ್ದಾಳೆ. ಇವನ್ನು ಇಟ್ಟುಕೊಳ್ಳುವ ಹಕ್ಕು ಯಾರದು ಎಂದು ನೋಟರಿಯ ಕಾಗದದಲ್ಲಿ ನಾವು ಬರೆಸಿರಲಿಲ್ಲ. ಅಳಿಸಿಬಿಡೋಣ ಅಂದೆ. ತಮ್ಮ ಎರಡು ದಿನ ಟೈಮ್ ಕೇಳಿದ. ಮೂರನೇ ದಿನ ಅವನೇ ಅಳಿಸಿದ.

ಒಂದು ತುಣುಕು ಮಾತ್ರ ಅವನ ಮೊಬೈಲಿನಲ್ಲಿ ಮೊದಲೇ ಉಳಿದಿತ್ತು. ನನಗೆ ದೂರು ಹೇಳಲೆಂದು ಅಂದೇ ಸೇವ್ ಮಾಡಿಕೊಂಡದ್ದು. ಆಯಿ ಮಂಚದಿಂದ ಇಳಿಯುತ್ತಾಳೆ, ಗೋಡೆ ಹಿಡಿದು ಬರುತ್ತಾಳೆ, ಎರಡು ಸಲ ನಿಂತು ಉಸಿರು ತಗೊಳ್ಳುತ್ತಾಳೆ. ಕ್ಯಾಮೆರಾದ ತೀರಾ ಹತ್ತಿರ ಬಂದು, ಅದರೊಳಗೆ ಮಗನನ್ನು ಹುಡುಕುವವಳ ಹಾಗೆ ನೋಡುತ್ತಾಳೆ. "ಸ್ವಲ್ಪ ಹೊತ್ತು ಮಾಣಿ" ಅನ್ನುತ್ತಾಳೆ. ಆಮೇಲೆ ಕೆಂಪು ಚೌಕಳಿ.